ಭಕ್ತಸಮೂಹ, ಬೆಂಬಲಿಗರ ಪಡೆ: ಇಂಗ್ಲಿಷಿನಲ್ಲಿ ಯಾವುದಕ್ಕೆ ಯಾವ ಪದ?

ಪ್ರಶ್ನೆ: ಇಂಗ್ಲಿಷ್ ಪ್ರತಿ ತಿದ್ದುವವರು ದಯವಿಟ್ಟು ಹೇಳಿ. ಒಂದೇ ವರದಿಯಲ್ಲಿ ‘ದ ಫೇತ್‌ಫುಲ್’, ‘ಕಾಂಗ್ರಿಗೇಷನ್’, ‘ಲೇಯಿಟಿ’, ‘ಫ್ಲಾಕ್’ ನಾಲ್ಕೂ ಬಂದಿವೆ. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದರೆ ನಡೆಯುತ್ತದಾ? ಒಂದು ಕಡೆ ‘ಫೇತ್‌ಫುಲ್ಸ್’ ಅಂತಲೂ ಇದೆ.

ಉತ್ತರ: ಮೊದಲು ಆ ‘ಫೇತ್‌ಫುಲ್ಸ್’ನ ಕೊನೆಯ ‘ಎಸ್’ ತೆಗೆಯಿರಿ. ಕೆಲವು ನಿಘಂಟುಗಳು ಒಪ್ಪಿದರೂ ಧರ್ಮದ ಸಂದರ್ಭದಲ್ಲಿ ಅದು ಕಿವಿಗೆ ಒರಟಾಗಿ ಕೇಳುತ್ತದೆ. ‘ದ ಪೂರ್’, ‘ದ ರಿಚ್’ ಇದ್ದ ಹಾಗೆಯೇ ‘ದ ಫೇತ್‌ಫುಲ್’, ಅಂದರೆ ಶ್ರದ್ಧಾವಂತರು. ಗುಣವಾಚಕಕ್ಕೆ ‘ದ’ ಸೇರಿದ ಕೂಡಲೇ ಇಡೀ ವರ್ಗದ ಹೆಸರಾಗುತ್ತದೆ, ಆಗಲೇ ಬಹುವಚನ. ಕ್ರಿಯಾಪದ ‘ಆರ್’, ‘ಹ್ಯಾವ್’. ಒಬ್ಬರೇ ಇದ್ದರೆ ‘ಎ ಬಿಲೀವರ್’ ಅನ್ನಿ. ತಲೆ ಎಣಿಸಿ ಸಂಖ್ಯೆ ಕೊಡುವುದಾದರೆ ‘ವರ್ಷಿಪರ್ಸ್’ ಸಲೀಸು.

‘ಕಾಂಗ್ರಿಗೇಷನ್’ ಅಂದರೆ ಒಂದೆಡೆ ಕೂಡಿ ಪ್ರಾರ್ಥಿಸುವವರು, ಅಥವಾ ಒಂದು ಚರ್ಚಿಗೋ ಸಿನಗಾಗಿಗೋ (ಯಹೂದಿಗಳ ಪ್ರಾರ್ಥನಾ ಮಂದಿರ) ಸೇರಿದ ಸದಸ್ಯರು. ದೇವಸ್ಥಾನದಲ್ಲಿ ದರ್ಶನಕ್ಕೆ ಸಾಲು ನಿಂತವರು ಕಾಂಗ್ರಿಗೇಷನ್ ಅಲ್ಲ, ‘ಡಿವೋಟೀಸ್’. ‘ಪ್ಯಾರಿಷನರ್ಸ್’, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ (‘ಪ್ಯಾರಿಷ್’) ಸೇರಿದವರು, ಅದರ ಜೊತೆಗೂ ಕಲಸಬೇಡಿ. ಬೇರೆ ಪ್ಯಾರಿಷ್‌ನಿಂದ ಬಂದು ಇವತ್ತಿನ ಪೂಜೆಯಲ್ಲಿ ಕೂತವರು ಇವತ್ತಿನ ಕಾಂಗ್ರಿಗೇಷನ್‌ಗೆ ಸೇರುತ್ತಾರೆ, ಆ ಚರ್ಚಿನ ಪ್ಯಾರಿಷನರ್ ಆಗುವುದಿಲ್ಲ.

ಹೆಚ್ಚಿನವರು ಎಡವುವುದು ‘ಲೇಯಿಟಿ’ಯಲ್ಲಿ. ಅದು ದೀಕ್ಷೆ ಪಡೆದ ಪಾದ್ರಿವರ್ಗದ, ಅಂದರೆ ‘ಕ್ಲರ್ಜಿ’ಯ, ಎದುರುಪದ. ಪಾದ್ರಿಗಳನ್ನು ಬಿಟ್ಟು ಉಳಿದವರು ಅನ್ನುವ ಅರ್ಥದಲ್ಲಿ ‘ದ ಫೇತ್‌ಫುಲ್’ ಬಳಸುವ ರೂಢಿ ವರದಿಗಾರರಲ್ಲಿದೆ. ಆದರೆ 1983ರ ಕ್ಯಾಥೊಲಿಕ್ ಧರ್ಮಸಂಹಿತೆಯ ಪ್ರಕಾರ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಪಡೆದ ಎಲ್ಲರೂ ‘ಕ್ರೈಸ್ಟ್ಸ್ ಫೇತ್‌ಫುಲ್’. ಬಿಷಪ್, ಪೋಪ್ ಕೂಡ ಅದರೊಳಗೇ. ‘ಲೇ ಫೇತ್‌ಫುಲ್’ (‘ಲೇ’ ಅಂದರೆ ಪಾದ್ರಿಯಲ್ಲದ) ಅನ್ನುವ ಪ್ರಯೋಗ ಇರುವುದೇ ಅದಕ್ಕೆ. ಚರ್ಚಿನ ದಾಖಲೆಯಲ್ಲಿ ಆ ‘ಲೇ’ ಬಿಟ್ಟುಹೋದರೆ ಮಾತಿನ ವ್ಯಾಪ್ತಿಯೇ ಬದಲಾಗುತ್ತದೆ.

‘ಫ್ಲಾಕ್’ ಕುರುಬನ ಕಣ್ಣಿನಿಂದ ನೋಡಿದ ಮಂದೆ. ‘ದ ಬಿಷಪ್ ಅಂಡ್ ಹಿಸ್ ಫ್ಲಾಕ್’ ಸರಿ. ಪಾದ್ರಿಯ ಸುದ್ದಿಯೇ ಇಲ್ಲದ ಕಡೆ ಹಾಕಿದರೆ ಲೇವಡಿ ಮಾಡಿದಂತೆ ಕೇಳುತ್ತದೆ.

ಪ್ರಶ್ನೆ: ಥ್ಯಾಂಕ್ಸ್ ಸರ್. ರಾಜಕೀಯ, ಕ್ರೀಡೆಯಲ್ಲೂ ಇವೇ ಪದಗಳು ಬರುತ್ತವಲ್ಲ?

ಉತ್ತರ: ಬರುತ್ತವೆ. ಸೋತರೂ ಗೆದ್ದರೂ ಸಭೆಗೆ ಬರುವವರು ‘ಪಾರ್ಟಿ ಫೇತ್‌ಫುಲ್’. ‘ರ್‍ಯಾಂಕ್ ಅಂಡ್ ಫೈಲ್’ ಬೇರೆ: ಅದು ಸೈನಿಕರ ಅಡ್ಡಸಾಲು, ಉದ್ದಸಾಲಿನಿಂದ ಬಂದದ್ದು, ನಾಯಕರಲ್ಲದ ಸಾಮಾನ್ಯ ಸದಸ್ಯರು ಎಂದಷ್ಟೇ ಅರ್ಥ. ನಿಷ್ಠೆಯ ಭರವಸೆ ಅದರಲ್ಲಿಲ್ಲ. ಹಾಗಾಗಿ ರ್‍ಯಾಂಕ್ ಅಂಡ್ ಫೈಲ್ ನಾಯಕನ ವಿರುದ್ಧ ತಿರುಗಿಬಿದ್ದರು ಅನ್ನಬಹುದು. ಫೇತ್‌ಫುಲ್ ತಿರುಗಿಬಿದ್ದರು ಅಂದರೆ ಅದೇ ದೊಡ್ಡ ಸುದ್ದಿ. ‘ಬೇಸ್’ ಅಮೆರಿಕದ ರಾಜಕೀಯದಲ್ಲಿ ಹೆಚ್ಚು, ಕೈಬಿಡದ ಮತದಾರರು ಎಂಬರ್ಥ.

ಕ್ರೀಡೆ, ಸಿನಿಮಾಕ್ಕೆ ‘ಫ್ಯಾನ್ ಬೇಸ್’ ಅಥವಾ ‘ಫಾಲೋಯಿಂಗ್’. ಎರಡೂ ಏಕವಚನ: ‘ಎ ಲಾರ್ಜ್ ಫಾಲೋಯಿಂಗ್’. ‘ಫಾಲೋವರ್ಸ್’ ಅಂದರೆ ಈಗ ಜಾಲತಾಣದ ಲೆಕ್ಕ ಅಂದುಕೊಳ್ಳುವವರೇ ಜಾಸ್ತಿ, ಆದ್ದರಿಂದ ಸಂದರ್ಭ ನೋಡಿ ಹಾಕಿ. ‘ಕಲ್ಟ್ ಫಾಲೋಯಿಂಗ್’ ಬೈಗುಳವಲ್ಲ, ಚಿಕ್ಕದಾದರೂ ಗಾಢ ಅಭಿಮಾನಿ ಬಳಗ. ಅಲ್ಲಿಂದ ‘ಫಾಲೋಯಿಂಗ್’ ಕಿತ್ತು ಬರೀ ‘ಕಲ್ಟ್’ (ಕುರುಡು ಭಕ್ತಿಯ ಪಂಥ) ಉಳಿಸಿದರೆ ಮಾತ್ರ ಆಪಾದನೆಯಾಗಬಹುದು.

ಇನ್ನೊಬ್ಬರ ಸೇರ್ಪಡೆ: ಮೇಲಿನದಕ್ಕೆ ಒಂದು ಮಾತು. ‘ಕಾಂಗ್ರಿಗೇಷನ್’ ಜೊತೆ ಅಮೆರಿಕನ್ನರು ‘ಹ್ಯಾಸ್’ ಬರೆಯುತ್ತಾರೆ, ಬ್ರಿಟಿಷರಲ್ಲಿ ‘ಹ್ಯಾವ್’ ಕೂಡ ಉಂಟು. ಎರಡರಲ್ಲಿ ಯಾವುದನ್ನಾದರೂ ಹಿಡಿಯಿರಿ, ಆದರೆ ಒಂದೇ ವರದಿಯಲ್ಲಿ ಎರಡನ್ನೂ ಬೆರೆಸಬೇಡಿ.