ಪಾರ್ಸೆಲ್ ಅಂಗಡಿಗೆ ಹಂದಿ, ಕೋಳಿ: ಸಾಕಿದ್ದು ಸರಿಯಿದೆಯಾ ಅಂತ ತಿಳಿಯೋದು ಹೇಗೆ?

ಪ್ರಶ್ನೆ (ಕಡಂಬಿಟ್ಟು)
ಕೊಡಗಿನ ವಿರಾಜಪೇಟೆಯಲ್ಲಿ ಸಣ್ಣ ಪಾರ್ಸೆಲ್ ಅಂಗಡಿ ತೆರೆಯುತ್ತಿದ್ದೇವೆ. ಪಂದಿಕರಿ (ಹಂದಿ ಸಾರು), ಕೋಳಿಕರಿ, ನೂಪುಟ್ಟು (ಅಕ್ಕಿ ಶಾವಿಗೆ), ಅಷ್ಟೇ. ಮೆನುವಿನಲ್ಲಿ "ಹಿಂಸೆಯಿಲ್ಲದೆ ಸಾಕಿದ ಹಂದಿ, ಅಪ್ಪಟ ನಾಟಿ ಕೋಳಿ" ಅಂತ ಹಾಕೋ ಆಸೆ. ಮಾಂಸ ಕೊಡುವವರೆಲ್ಲ "ನಮ್ದು ಮನೇಲೇ ಸಾಕಿದ್ದು" ಅಂತಾರೆ. ಏನು ನೋಡಿ ನಂಬಬೇಕು?

ಉತ್ತರ (ಹಂದಿಗೂಡು)
ಫೋನಲ್ಲಿ ಕೇಳಬೇಡಿ, ಗೂಡಿಗೆ ಹೋಗಿ. ಮೊದಲು ಬಾಲ ನೋಡಿ. ಇಕ್ಕಟ್ಟಲ್ಲಿ, ಕೆದಕೋಕೆ ಹುಲ್ಲು ಸೊಪ್ಪು ಏನೂ ಇಲ್ಲದೆ ನಿಂತ ಹಂದಿಗಳು ಒಂದರ ಬಾಲ ಇನ್ನೊಂದು ಕಚ್ಚುತ್ತವೆ. ಮೊಂಡು ಬಾಲ, ಗಾಯದ ಬಾಲ ಕಂಡರೆ ಮಾಲೀಕರ ಮಾತು ಅಲ್ಲಿಗೇ ಬಿಡಿ. 100 ಕೆ.ಜಿ. ಹತ್ತಿರ ಬಂದ ಹಂದಿಗೆ ತಲಾ 1 ಚದರ ಮೀಟರಾದರೂ ಒಣ ನೆಲ ಬೇಕು. ನೆಲ ಸದಾ ಒದ್ದೆಯಿದ್ದರೆ ಗೊರಸು ಬಿರಿಯುತ್ತೆ, ಕಾಲುಗಂಟು ಊದುತ್ತೆ.

ಗಂಡು ಮರಿಗೆ ಬೀಜ ಒಡೆಯೋದು ಯಾವಾಗ ಅಂತ ಕೇಳಿ. ಮೊದಲ ವಾರದಲ್ಲೇ ಆದರೆ ಗಾಯ ಬೇಗ ಮಾಯುತ್ತೆ. ಒಡೆಯದೇ ಬೆಳೆಸಿದ ಗಂಡಿನ ಕೊಬ್ಬು ಬಿಸಿಯಾದರೆ ಮೂತ್ರದ ವಾಸನೆ ಬರಬಹುದು, ಕಾಚಂಪುಳಿ (ಪಂದಿಕರಿಗೆ ಹಾಕೋ ಕಪ್ಪು ಹುಳಿ ರಸ) ಎಷ್ಟು ಸುರಿದರೂ ಹೋಗಲ್ಲ. ಒಂದು ಚೂರು ಕೊಬ್ಬನ್ನು ಬರೀ ಕಾವಲಿಯಲ್ಲಿ ಹುರಿದು ಮೂಸಿ, ಗೊತ್ತಾಗುತ್ತೆ.

ಹೆಚ್ಚು ಕೆಡೋದು ಕೊನೆಯ ದಿನ. ಕಡಿಯೋಕೆ 12 ಗಂಟೆ ಮುಂಚೆ ಮೇವು ನಿಲ್ಲಿಸಬೇಕು, ನೀರು ಮಾತ್ರ ನಿಲ್ಲಿಸಬಾರದು. ಕಾಲು ಕಟ್ಟಿ ಜೀಪಿಗೆ ಎಸೆದು, ಹೊಡೆದು ತಂದ ಹಂದಿಯ ಸ್ನಾಯುವಿನಲ್ಲಿ ಮೈ ಬಿಸಿಯಿರುವಾಗಲೇ ಆಮ್ಲ ಏರುತ್ತೆ: ಪಿಎಚ್ (ಆಮ್ಲ ಏರಿದಷ್ಟೂ ಇಳಿಯೋ ಅಳತೆ) ಕಡಿದ ಮುಕ್ಕಾಲು ಗಂಟೆಯೊಳಗೆ 6ಕ್ಕಿಂತ ಕೆಳಗೆ ಬೀಳುತ್ತೆ. ಮಾಂಸ ಬಿಳಿಚಿ, ಮೆತ್ತಗಾಗಿ ನೀರು ಬಿಡುತ್ತೆ, ಕರಿಯಲ್ಲಿ ತುಂಡು ತೆಂಗಿನ ನಾರಿನ ಹಾಗೆ. ರಾತ್ರಿ ಫ್ರಿಜ್‌ನಲ್ಲಿಟ್ಟ ಟ್ರೇಯಲ್ಲಿ ಬೆಳಿಗ್ಗೆ ಗುಲಾಬಿ ನೀರು ನಿಂತಿದೆಯಾ ನೋಡಿ. ದಿನಗಟ್ಟಲೆ ಹಸಿದು ದಣಿದ ಹಂದಿಯದ್ದು ಉಲ್ಟಾ: ಕಪ್ಪಗೆ, ಅಂಟಂಟು, ಬೇಗ ಹಳಸುತ್ತೆ.

ಒಂದರ ಎದುರು ಇನ್ನೊಂದನ್ನು ಕಡಿಯಬಾರದು ಅಂತ 2001ರ ಕಸಾಯಿಖಾನೆ ನಿಯಮದಲ್ಲೇ ಇದೆ. ಪ್ರಜ್ಞೆ ತಪ್ಪಿಸಿ 15 ಸೆಕೆಂಡಿನೊಳಗೆ ರಕ್ತ ಬಿಡ್ತಾರಾ? ನಿಂತು ನೋಡಿ. ನೋಡೋಕೆ ಬಿಡದಿದ್ದರೆ ಬೇರೆಯವರನ್ನು ಹುಡುಕಿ.

ಉತ್ತರ (ನೂಪುಟ್ಟು)
ಕೋಳಿ ಬಗ್ಗೆ: "ಗಟ್ಟಿ ಇದೆ, ಅದಕ್ಕೇ ನಾಟಿ" ಅನ್ನೋದನ್ನು ನಂಬಬೇಡಿ. ಮೊಟ್ಟೆ ಮುಗಿದ ಪಂಜರದ ಕೋಳಿಯೂ ಬೇಯೋಕೆ ಹೊತ್ತು ತಗೊಳ್ಳುತ್ತೆ. ಜೀವಂತ ಕೋಳಿಯ ತಲೆ ನೋಡಿ. ಕೊಕ್ಕಿನ ತುದಿ ಕತ್ತರಿಸಿ ಮೊಂಡಾಗಿದ್ದರೆ ಅದು ಫಾರಂನದ್ದು, ಹೆಚ್ಚಾಗಿ ಪಂಜರದ್ದು. ಪಂಜರದ್ದಾದರೆ ಕುತ್ತಿಗೆಯ ಪುಕ್ಕ ತಂತಿಗೆ ಉಜ್ಜಿ ಹೋಗಿರುತ್ತೆ, ಕೆದರೋಕೆ ಮಣ್ಣು ಸಿಗದೆ ಉಗುರು ಉದ್ದ ಬೆಳೆದಿರುತ್ತೆ. ಗಿರಿರಾಜವನ್ನೂ ನಾಟಿ ಅಂತ ಮಾರ್ತಾರೆ. ಹಿತ್ತಲಲ್ಲಿ ಬಿಟ್ಟು ಸಾಕಿದ್ರೆ ಅದೂ ಒಳ್ಳೆ ಕೋಳಿಯೇ, ಆದರೆ ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ತಳಿ ಅದು. ಹೆಸರು ಹಾಗೇ ಬರೀರಿ.

ಕಡಿದು ಪುಕ್ಕ ಕಿತ್ತ ಕೋಳಿ ತಂದರೆ ಚರ್ಮ ನೋಡಿ. ರೆಕ್ಕೆ ತುದಿ, ಕುತ್ತಿಗೆ ಕಡುಕೆಂಪಾಗಿದ್ದರೆ ರಕ್ತ ಸರಿಯಾಗಿ ಹರಿದಿಲ್ಲ. ದಾರೀಲಿ ಸತ್ತದ್ದನ್ನೂ ಸೇರಿಸಿರಬಹುದು. ಅಂಥದ್ದನ್ನು ಅಲ್ಲೇ ವಾಪಸ್ ಕೊಡಿ.

ಉತ್ತರ (ಮುಸುರೆ)
ಮೇಲಿನವರು ಬಿಟ್ಟದ್ದು ಎರಡು. "ಕಾಡುಹಂದಿ ಬೇಕಾ" ಅಂತ ಯಾರಾದರೂ ಪಿಸುಗುಟ್ಟಿದರೆ ಬೇಡ ಅನ್ನಿ, 1972ರ ವನ್ಯಜೀವಿ ಕಾಯ್ದೆಯಡಿ ಮಾರಾಟವೇ ಅಪರಾಧ. ಎರಡನೇದು, ಉಳಿದ ಪಂದಿಕರಿ, ಮೂಳೆ, ಮಾಂಸ ತೊಳೆದ ನೀರು ಯಾವ ಹಂದಿಗೂಡಿಗೂ ಹೋಗಬಾರದು. 2022ರಲ್ಲಿ ಪಕ್ಕದ ವಯನಾಡಿಗೆ ಆಫ್ರಿಕನ್ ಹಂದಿಜ್ವರ ಬಂತು. ಮನುಷ್ಯರಿಗೆ ಅಂಟಲ್ಲ, ಆದರೆ ಮಾಂಸದ ಚೂರಿನಲ್ಲಿ ವೈರಸ್ ಬಹಳ ದಿನ ಉಳಿಯುತ್ತೆ, ಹಂದಿಗೆ ಚಿಕಿತ್ಸೆಯೇ ಇಲ್ಲ. ತರಕಾರಿ ಮುಸುರೆಯನ್ನೂ ಅರ್ಧ ಗಂಟೆ ಕುದಿಸಿಯೇ ಕೊಡಿ.

ಮೆನುವಿನ ಮಾತಿಗೆ ಬಂದರೆ, "ಹಿಂಸೆಯಿಲ್ಲದೆ" ಅನ್ನೋದನ್ನು ಸಾಬೀತು ಮಾಡೋಕಾಗಲ್ಲ. ಯಾವ ಊರಿನ ಗೂಡು, ಎಷ್ಟು ತಿಂಗಳ ಹಂದಿ, ಏನು ತಿಂದಿತ್ತು ಅಂತ ಬರೀರಿ.

ಪ್ರಶ್ನೆ ಕೇಳಿದವರು (ಕಡಂಬಿಟ್ಟು)
ಕೈಲ್ ಮುಹೂರ್ತ, ಹುತ್ತರಿ ಹಬ್ಬಗಳ ಹೊತ್ತಿಗೆ ಹಂದಿ ಸಿಗದೇ ಹೋದರೆ?

ಉತ್ತರ (ಹಂದಿಗೂಡು)
ಎಂಟು ತಿಂಗಳು ಮುಂಚೆ ಮರಿ ಹಂತದಲ್ಲೇ ಮುಂಗಡ ಕೊಟ್ಟು ಹೇಳಿಡಿ. ಆದರೂ ಕಮ್ಮಿ ಬಿದ್ದರೆ ಆ ದಿನ ಪಂದಿಕರಿ ಮುಗಿದಿದೆ ಅಂತ ಬೋರ್ಡ್ ಹಾಕಿ. ಹಬ್ಬದ ಹಿಂದಿನ ರಾತ್ರಿ ಯಾರದ್ದೋ ಲಾರಿಯಿಂದ ಇಳಿಸಿದ ಹಂದಿ ಬೇಡ.