ಟೋನರ್‌ಗೆ ‘ಮಸಿ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಕಳೆದ ವಾರ ಒಂದು ಕನ್ನಡ ಶಾಲೆಯ ಮಾಷ್ಟ್ರು ಬಂದಿದ್ದರು. “ಶಾಲೆಗೆ ಪ್ರಿಂಟರ್ ಬೇಕು. ಇಂಕ್‌ಜೆಟ್ಟಾ, ಲೇಸರಾ? ಪಿಟಿಎ ಮೀಟಿಂಗಿನಲ್ಲಿ ಓದುವ ಹಾಗೆ ಒಂದು ಪುಟ ಕನ್ನಡದಲ್ಲಿ ಬರೆದು ಕೊಡಿ” ಅಂದರು.

ಯಾವುದು ಒಳ್ಳೆಯದು ಅನ್ನುವುದರಲ್ಲಿ ನನಗೆ ಅನುಮಾನ ಇರಲಿಲ್ಲ, ಲೇಸರೇ. ಶಾಲೆಯದು ಪ್ರಶ್ನೆಪತ್ರಿಕೆ, ನೋಟಿಸು, ಎಲ್ಲ ಬರೀ ಕಪ್ಪು. ಏಪ್ರಿಲ್, ಮೇ ಎರಡು ತಿಂಗಳು ಬೀಗ. ಇಂಕ್‌ಜೆಟ್ಟಿನ ಕೂದಲೆಳೆಗಿಂತ ಸಣ್ಣ ತೂತುಗಳಲ್ಲಿ ಶಾಯಿ ಅಷ್ಟರೊಳಗೆ ಒಣಗಿ ಕಟ್ಟಿಕೊಳ್ಳುತ್ತದೆ. ಲೇಸರಿನಲ್ಲಿ ಇರುವುದೇ ಟೋನರ್ ಎಂಬ ಒಣಪುಡಿ, ಸುಮ್ನೆ ಬಿದ್ದಿದ್ದರೂ ಏನೂ ಆಗುವುದಿಲ್ಲ. ಬಣ್ಣದ ಫೋಟೋ ಜಾಸ್ತಿ ಬೇಕಿದ್ದರೆ ಟ್ಯಾಂಕ್ ಇರುವ ಇಂಕ್‌ಜೆಟ್ಟೇ ತೆಗೆದುಕೊಳ್ಳಿ ಅನ್ನುತ್ತಿದ್ದೆ.

ನಾನು ಸಿಕ್ಕಿಕೊಂಡದ್ದು ಪದದಲ್ಲಿ. ಇಂಕಿಗೆ ‘ಶಾಯಿ’ ಅಂತ ಬರೆದೆ. ಟೋನರಿಗೆ ಏನು ಬರೆಯುವುದು? ‘ಶಾಯಿಪುಡಿ’ ಎಂದು ಬರೆದು ಹೊಡೆದು ಹಾಕಿದೆ. ಶಾಯಿ ಅಂದರೆ ಕಣ್ಣ ಮುಂದೆ ಬರುವುದು ನೀರಾಗಿರುವ ವಸ್ತು, ಅಲ್ವಾ?

ಆ ಹೊತ್ತಿಗೇ ಕಾರ್ಟ್ರಿಜ್‌ಗೆ (ಪ್ರಿಂಟರಿನೊಳಗೆ ಕೂರಿಸುವ ಡಬ್ಬಿಗೆ) ಟೋನರ್ ತುಂಬಿಸುತ್ತಿದ್ದ ಹುಡುಗನ ಕೈಯಿಂದ ಪುಡಿ ಚೆಲ್ಲಿತು. ಬೆರಳಲ್ಲಿ ಒರೆಸಿ ನೋಡಿದೆ. ಬಚ್ಚಲಿನ ಹಂಡೆಯ ಅಡಿ ಮುಟ್ಟಿದರೆ ಕೈಗೆ ಹತ್ತುವ ಮಸಿಯೇ! ಅಷ್ಟೇ ನುಣುಪು, ಬೆರಳಿನ ಗೆರೆಗಳಲ್ಲಿ ಅದೇ ರೀತಿ ಕೂರುತ್ತದೆ. (ಟೋನರನ್ನು ತಣ್ಣೀರಲ್ಲೇ ತೊಳೆಯಬೇಕು. ಬಿಸಿನೀರು ತಾಗಿದರೆ ಮೆತ್ತಗಾಗಿ ಅಂಟಿಕೊಳ್ಳುತ್ತದೆ.) ಹೋಲಿಕೆ ಬರೀ ನೋಟದ್ದಲ್ಲ. ಕಪ್ಪು ಟೋನರ್ ಅಂದರೆ ಹೆಚ್ಚಿನ ಪಾಲು ಪ್ಲಾಸ್ಟಿಕ್ಕಿನ ನುಣ್ಣನೆ ಪುಡಿ, ಅದಕ್ಕೆ ಕಪ್ಪು ಕೊಡುವುದು ಸಾಮಾನ್ಯವಾಗಿ ಕಾರ್ಬನ್ ಬ್ಲ್ಯಾಕ್. ಎಣ್ಣೆಯನ್ನೋ ಅನಿಲವನ್ನೋ ಅರೆಬರೆ ಉರಿಸಿ ಹಿಡಿದ ಕರಿ ಅದು. ನಮ್ಮ ಮಾತಲ್ಲಿ ಮಸಿಯೇ. ಲೇಸರ್ ಪ್ರಿಂಟರು ಟೋನರನ್ನು ಕಾಗದದ ಮೇಲೆ ಕೂರಿಸಿ, ಸುಮಾರು 200 ಡಿಗ್ರಿ ಶಾಖದಲ್ಲಿ ಒತ್ತಿ ಅಂಟಿಸುತ್ತದೆ. ಅದಕ್ಕೇ ಜೂನ್ ಮಳೆಯಲ್ಲಿ ನೆನೆದ ನೋಟಿಸಿನಲ್ಲೂ ಲೇಸರ್ ಅಕ್ಷರ ಹಾಗೇ ನಿಲ್ಲುತ್ತದೆ. ಸಾದಾ ಇಂಕ್‌ಜೆಟ್ ಶಾಯಿಯಾದರೆ ಒಂದು ಹನಿ ಬಿದ್ದಲ್ಲಿ ‘ಕ’ ಯಾವುದು ‘ತ’ ಯಾವುದು ತಿಳಿಯದ ಹಾಗೆ ಹರಡುತ್ತದೆ.

ಹಾಗಾಗಿ ‘ಮಸಿಪುಡಿ’ ಎಂದು ಬರೆದೆ. ಮಾಷ್ಟ್ರು ಓದಿ ಎರಡು ಅನುಮಾನ ಎತ್ತಿದರು.

ಒಂದು, ಮಸಿ ಎಂದರೂ ಬರೆಯುವ ಇಂಕೇ ಅಲ್ಲವೇ? ಹೌದು. ಮಸಿಕುಡಿಕೆಯಲ್ಲಿರುವುದು ಇಂಕು, ಮಸಿಬಟ್ಟೆಗೆ ಹತ್ತುವುದು ಪಾತ್ರೆಯ ಕರಿ. ದೀಪದ ಕರಿಯನ್ನೇ ಕಲಸಿ ಬರೆಯುತ್ತಿದ್ದ ಕಾಲದಿಂದ ಎರಡೂ ಅರ್ಥ ಜೊತೆಗಿವೆ. ಆದರೆ ನಮ್ಮಲ್ಲಿ ಶಾಲೆಯ ಮಕ್ಕಳಿಗೆ ಮಲಯಾಳವೂ ಕಿವಿಗೆ ಬೀಳುತ್ತದೆ. ಅದರಲ್ಲಿ ‘ಮಷಿ’ ಎಂದರೆ ಮೊದಲು ನೆನಪಾಗುವುದು ಪೆನ್ನಿನ ಇಂಕು. ಕಣ್ಣಿನ ಕಾಡಿಗೆ ‘ಕಣ್ಮಷಿ’. ಗೊಂದಲ ಆಗಬಹುದು. ‘ಪುಡಿ’ ಸೇರಿಸಿದರೆ ತೀರುತ್ತದೆ ಎಂದು ನನಗನ್ನಿಸುತ್ತದೆ.

ಎರಡನೆಯದು ಗಟ್ಟಿ ಪ್ರಶ್ನೆ. ಬಣ್ಣದ ಲೇಸರಿನಲ್ಲಿ ಹಳದಿ ಟೋನರೂ ಇರುತ್ತದೆ. ಹಳದಿ ಮಸಿ ಅಂತ ಇದೆಯಾ? ಮುಖಕ್ಕೆ ಮಸಿ ಬಳಿದರು ಎಂದರೆ ಕಪ್ಪೇ. ಆದರೆ ಶಾಯಿಯ ಮೂಲವಾದ ಪಾರ್ಸಿಯ ‘ಸಿಯಾಹಿ’ಗೂ ಕಪ್ಪು ಎಂದೇ ಅರ್ಥ, ಆದರೂ ನಾವು ಕೆಂಪು ಶಾಯಿ ಅನ್ನುತ್ತೇವೆ. ಶಾಯಿ ಕಪ್ಪನ್ನು ಬಿಟ್ಟುಕೊಟ್ಟ ಹಾಗೆ ಮಸಿಯೂ ಬಿಟ್ಟುಕೊಟ್ಟೀತಾ?

ಪ್ರಿಂಟರನ್ನು ಪ್ರಿಂಟರೆಂದೇ ಉಳಿಸಿದ್ದೇನೆ. ‘ಮುದ್ರಕ’ ಬೇಡ. ಪುಸ್ತಕದ ಒಳಪುಟದಲ್ಲಿ ಮುದ್ರಕರು ಎಂದರೆ ಪ್ರೆಸ್ಸಿನವರು. ನಕಲು ತೆಗೆಯುವುದಕ್ಕೆ ಮಂಗಳೂರಲ್ಲಿ ‘ಜೆರಾಕ್ಸ್’, ಇಲ್ಲಿ ‘ಫೋಟೋಸ್ಟಾಟ್’. ಅದೂ ಹಾಗೇ ಇರಲಿ.

ನಿಮ್ಮ ಊರಿನಲ್ಲಿ ಕಾರ್ಟ್ರಿಜ್ ತುಂಬಿಸುವವರು ಈ ಪುಡಿಗೆ ಏನನ್ನುತ್ತಾರೆ? ‘ಹಳದಿ ಮಸಿ’, ‘ನೀಲಿ ಮಸಿ’ ಎಂದು ಯಾರಾದರೂ ಹೇಳಿದ್ದು ಕೇಳಿದ್ದೀರಾ? ಮೀಟಿಂಗು ಬರುವ ಶನಿವಾರ. ಅಷ್ಟರೊಳಗೆ ತಿಳಿಸಿದರೆ ಪುಟ ತಿದ್ದಿ ಕೊಡುತ್ತೇನೆ.