ಅಪ್‌ಡೇಟ್: ಟೈಲ್ ಸರ್ವೋ ಬಿಸಿಯಾಗೋದು ನಿಂತಿತು

ಸೆಕೆಂಡ್ ಹ್ಯಾಂಡ್ ಆರ್‌ಸಿ (ರಿಮೋಟ್‌ನಿಂದ ಹಾರಿಸೋ) ಹೆಲಿಕಾಪ್ಟರ್‌ನ ಟೈಲ್ ಸರ್ವೋ, ಅಂದರೆ ಬಾಲದ ರೆಕ್ಕೆಗಳ ಕೋನ ಬದಲಿಸೋ ಪುಟ್ಟ ಮೋಟರ್, ಮುಟ್ಟೋಕೆ ಆಗದಷ್ಟು ಬಿಸಿಯಾಗಿ ಗರಗರ ಅನ್ನುತ್ತದೆ ಅಂತ ಕೇಳಿದ್ದೆನಲ್ಲ, ಅದು ಸರಿಹೋಯಿತು. ಸರ್ವೋಗಳೆಲ್ಲ 6 ವೋಲ್ಟ್‌ನವು. ಹಿಂದಿನ ಮಾಲೀಕರು ಎರಡು ಸೆಲ್‌ನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿನ ನೇರವಾಗಿ ರಿಸೀವರ್‌ಗೆ (ರಿಮೋಟ್‌ನ ಸಿಗ್ನಲ್ ಪಡೆಯೋ ಭಾಗ, ಸರ್ವೋಗಳಿಗೆ ಕರೆಂಟ್ ಹೋಗೋದೂ ಇದರಿಂದಲೇ) ಕೊಟ್ಟಿದ್ದರು. ಪ್ಯಾಕ್ ಮೇಲೆ 7.4 ಅಂತಿದೆ, ಆದರೆ ಫುಲ್ ಚಾರ್ಜ್ ಆದಮೇಲೆ ಮೀಟರ್ ಹಿಡಿದರೆ 8.4!

ಮೊದಲು ಡಯೋಡ್ ಹಾಕಿ ನೋಡಿದೆ. ಒಂದು ಡಯೋಡ್ ಇಳಿಸೋದು ಸುಮಾರು 0.7 ವೋಲ್ಟ್, ಅದೂ ಸರ್ವೋ ಎಳೆಯೋ ಕರೆಂಟ್ ಮೇಲೆ ಹೆಚ್ಚು ಕಮ್ಮಿ ಆಗುತ್ತದೆ. ಸಾಲಲಿಲ್ಲ. ಕೆಪಾಸಿಟರ್‌ನಿಂದಲೂ ಏನೂ ಬದಲಾಗಲಿಲ್ಲ. ಕೆಲಸ ಮಾಡಿದ್ದು ಬಿಇಸಿ (ಬ್ಯಾಟರಿ ವೋಲ್ಟೇಜ್ ಇಳಿಸಿ ಒಂದೇ ಮಟ್ಟದಲ್ಲಿ ಕೊಡೋ ಸರ್ಕ್ಯೂಟ್) ಹಾಕಿ ಅಂದವರ ಸಲಹೆ, ತುಂಬಾ ಥ್ಯಾಂಕ್ಸ್. 6 ವೋಲ್ಟ್‌ಗೆ ಸೆಟ್ ಮಾಡಿ ಬ್ಯಾಟರಿಗೂ ರಿಸೀವರ್‌ಗೂ ನಡುವೆ ಸೇರಿಸಿದೆ. ಸ್ವಾಶ್‌ಪ್ಲೇಟ್‌ನ (ಮೇಲಿನ ರೆಕ್ಕೆಗಳ ಕೋನ ಬದಲಿಸೋ ತಟ್ಟೆ) ಮೂರೂ ಸರ್ವೋ ಒಟ್ಟಿಗೆ ಎಳೆದಾಗ ವೋಲ್ಟೇಜ್ ಕುಸಿದರೆ ರಿಸೀವರ್ರೇ ರೀಸೆಟ್ ಆಗಬಹುದು, ಹಾಗಾಗಿ ಸ್ವಲ್ಪ ಜಾಸ್ತಿ ಆಂಪ್‌ನದ್ದೇ ತಗೊಳ್ಳಿ.

ಹೊಸದಾಗಿ ಗೊತ್ತಾಗಿದ್ದು ಒಂದಿದೆ. ಚಿತ್ರದುರ್ಗದ ಗಾಳಿ ಗೊತ್ತಲ್ವಾ, ಗುಡ್ಡದ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿರೋ ಊರು. ಗಾಳಿ ಬೀಸಿದಾಗೆಲ್ಲ ಬಾಲ ತಿರುಗದ ಹಾಗೆ ಹಿಡಿಯೋಕೆ ಗೈರೋ (ತಿರುಗೋದನ್ನ ಅಳೆಯೋ ಸೆನ್ಸರ್) ಟೈಲ್ ಸರ್ವೋನ ಬಿಡದೆ ದುಡಿಸುತ್ತದೆ, ಅದಕ್ಕೇ ಬಿಸಿ ಮೊದಲು ಅಲ್ಲೇ ಕಾಣಿಸಿದ್ದು. ಈಗ ಇಳಿಸಿದ ತಕ್ಷಣ ಮುಟ್ಟಿದರೂ ಬರೀ ಬೆಚ್ಚಗಿರುತ್ತದೆ.